ಅಕ್ಕನನ್ನು ಬಿಟ್ಟು ಪಶುಪತಿಗೆ

ಯಾದಗಿರಿ ಸ್ಟೇಷನ್

ಪ್ಲಾಟ್‌ಫಾರ್ಮಿನ ಮೇಲೆ ಯಾತ್ರೆಯ ಗೈಡು ಹೆಸರು ಕೂಗುತ್ತಿದ್ದ. ನನ್ನ ಹೆಸರಾದ ಮೇಲೆ "ನೀಲಮ್ಮ" ಎಂದ. ಯಾರೂ ಓಗೊಡಲಿಲ್ಲ. ಇನ್ನೊಮ್ಮೆ ಕೂಗಿದ.

"ಆಕಿ ಬರೂದಿಲ್ರಿ. ಮನ್ಯಾಗ ಆಕಳ ಈಯಾಕ ಬಂದದ" ಎಂದೆ.

ನಮ್ಮ ಗುಂಪಿನವರೆಲ್ಲ ಶಹಾಪುರ, ಸುರಪುರ ಕಡೆಯ ಶಿವಭಕ್ತರು, ಹೆಚ್ಚಿನವರು ಒಕ್ಕಲುತನದವರು. ಆಕಳು ಈಯುವುದು ಅವರಿಗೆ ತಕ್ಕ ಕಾರಣವೇ. ಎಲ್ಲರೂ ತಲೆಯಾಡಿಸಿದರು. ಸುರಪುರದ ಬಟ್ಟೆ ಅಂಗಡಿಯ ಸಂಗಣ್ಣ ಮಾತ್ರ, "ಯಾತ್ರಾದ ದಿನಾ ನೋಡೇ ಈಯತದಲ್ಲ, ಭಾಳ ಶಾಣ್ಯಾ ಆಕಳ ಬಿಡ್ರಿ ನಿಮ್ದು" ಎಂದು ನಕ್ಕ. ನಾನೂ ನಕ್ಕೆ.

ಆಕಳು ಈಯಲು ಬಂದಿರಲಿಲ್ಲ. ಅದನ್ನು ಮೊದಲೇ ಹೇಳಿ ಮುಂದೆ ಹೋಗುತ್ತೇನೆ. ಇಲ್ಲದಿದ್ದರೆ ಈ ಪ್ರವಾಸದಲ್ಲಿ ನಾನು ಏನು ನೋಡಿದೆ, ಹೇಗೆ ನೋಡಿದೆ ಎನ್ನುವುದು ನಿಮಗೆ ತಿಳಿಯುವುದಿಲ್ಲ.

ನಾನು ಶಹಾಪುರದಲ್ಲಿ ಹಿಂಡಿ ಅಂಗಡಿ ಇಟ್ಟವನು. ದನಗಳಿಗೆ ಹಾಕುವ ಶೇಂಗಾ ಹಿಂಡಿ, ಹತ್ತಿಕಾಳು, ಬೂಸಾ ಮಾರುತ್ತೇನೆ. ಓದಿದ್ದು ಏಳನೆಯ ತರಗತಿ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ನಾನು, ಅಕ್ಕ ನೀಲಮ್ಮ, ಮತ್ತು ಗೌರಿ ಎಂಬ ಆಕಳು. ಅಕ್ಕ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಬಂದಾಗಿನಿಂದ ಏನು ಕೇಳಿದರೂ "ನೀ ಹ್ಯಾಂಗಂತಿ ಹಂಗ" ಎನ್ನುವಳು. ಅವಳಾಗಿ ಕೇಳಿದ್ದು ಒಂದೇ, ನೇಪಾಳದ ಪಶುಪತಿನಾಥನ ದರ್ಶನ. ಇಬ್ಬರ ಹೆಸರನ್ನೂ ಬರೆಸಿದ್ದೆ. ಗೌರಿಯನ್ನು ನೋಡಿಕೊಳ್ಳಲು ಬರುತ್ತೇನೆಂದಿದ್ದ ಮುದನಾಳದ ನೆಂಟ ಕೊನೆಯ ಗಳಿಗೆಯಲ್ಲಿ ಕೈಯೆತ್ತಿದ. ಗೌರಿ ಅಕ್ಕನನ್ನು ಬಿಟ್ಟು ಬೇರೆಯವರನ್ನು ಹತ್ತಿರ ಸೇರಿಸುವುದಿಲ್ಲ. ನಮ್ಮಿಬ್ಬರಲ್ಲಿ ಒಬ್ಬರು ಉಳಿಯಬೇಕಾಯಿತು. ಅಕ್ಕ ಹೋಗಿ, ನಾನು ಉಳಿದು, ಗೌರಿಗೆ ದೂರದಿಂದ ಮೇವು ಎಸೆದಿದ್ದರೂ ನಡೆಯುತ್ತಿತ್ತು. ಆದರೆ ನನಗೆ ಬೇರೆ ದೇಶದ ಮಣ್ಣು ತುಳಿಯುವ ಆಸೆ ಹತ್ತಿಬಿಟ್ಟಿತ್ತು.

"ಡಾಕ್ಟ್ರು ಲೆಕ್ಕ ಹಾಕ್ಯಾರ. ಗೌರಿಗಿ ಒಂಬತ್ತು ತಿಂಗಳ ತುಂಬತಾವಂತ" ಎಂದೆ. ತುಂಬಿದ್ದು ಏಳು.

ಅಕ್ಕ ಗೌರಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ಹೌದೇನು? ಹಂಗಾರ ನೀ ಹೋಗಿ ಬಾ" ಎಂದಳು.

ರೈಲು ಬಂತು. ಕಿಟಕಿಯ ಪಕ್ಕದ ಸೀಟು ಅವಳದು. ಅದರ ಮೇಲೆ ನನ್ನ ಚೀಲ ಇಟ್ಟೆ.

ಗಡಿ

ಗಡಿ ಎಂದರೆ ದೊಡ್ಡ ಗೋಡೆ ಇರುತ್ತದೆ ಎಂದುಕೊಂಡಿದ್ದೆ. ನಮ್ಮೂರ ಸಂತೆಯ ಬಾಗಿಲಿನ ಹಾಗೆ ಒಂದು ಕಮಾನು, ಅದರ ಕೆಳಗೆ ರಿಕ್ಷಾ, ಲಾರಿ, ತಳ್ಳುಗಾಡಿ, ಧೂಳು. ಈ ಕಡೆಯ ಅಂಗಡಿಯವನು ಆ ಕಡೆಯ ಅಂಗಡಿಯವನಿಗೆ ಚಿಲ್ಲರೆ ಕೇಳುತ್ತಿದ್ದ.

ಪೊಲೀಸಿನವನು ನನ್ನ ಮತದಾರರ ಚೀಟಿ ಹಿಡಿದು ಫೋಟೋ ನೋಡಿದ, ಮುಖ ನೋಡಿದ, ಮತ್ತೆ ಫೋಟೋ ನೋಡಿದ.

"ಇದು ನೀವೇನಾ?"

"ನಾನೇ ಸಾಹೇಬ್. ಆಗ ಹಲ್ಲಿದ್ದವು."

ನಮ್ಮ ಕಡೆಯ ಹಿಂದಿ ಅವನಿಗೆ ವಿಚಿತ್ರ ಕೇಳಿಸಿತು. ನಿಜಾಮರ ಕಾಲದಿಂದ ನಮ್ಮ ನಾಲಿಗೆಯಲ್ಲಿ ಉಳಿದ ಹಿಂದಿ ಅದು. ಅವನು ಪಕ್ಕದವನನ್ನು ಕರೆದು ಇನ್ನೊಮ್ಮೆ ಮಾತಾಡಿಸಿದ. ಅಷ್ಟರಲ್ಲಿ ಒಂದು ಕಂದು ಆಕಳು ನಮ್ಮಿಬ್ಬರ ನಡುವೆ ತೂರಿಕೊಂಡು ಭಾರತಕ್ಕೆ ಹೋಯಿತು. ಬಾಳೆಹಣ್ಣಿನ ಗಾಡಿಯ ಹತ್ತಿರ ಬಿದ್ದ ಸಿಪ್ಪೆ ತಿಂದು, ಗಾಡಿಯವನಿಂದ ಒಂದು ಏಟು ತಿಂದು, ಅವಸರವಿಲ್ಲದೆ ನೇಪಾಳಕ್ಕೆ ಮರಳಿತು.

"ಅದಕ್ಕ ಚೀಟಿ ಕೇಳಂಗಿಲ್ಲೇನ್ರಿ?" ಎಂದ ಸಂಗಣ್ಣ. ಪೊಲೀಸಿನವನಿಗೆ ಅರ್ಥವಾಗಲಿಲ್ಲ, ನಮಗೆಲ್ಲ ನಗು ಬಂತು. ಅಕ್ಕ ಇದ್ದಿದ್ದರೆ ಆ ಆಕಳಿನ ಮನೆಯವರು ಯಾರು, ಸಂಜೆ ಯಾವ ದೇಶದಲ್ಲಿ ಕಟ್ಟುತ್ತಾರೆ ಎಂದು ವಿಚಾರಿಸದೆ ಮುಂದೆ ಹೆಜ್ಜೆ ಇಡುತ್ತಿರಲಿಲ್ಲ.

ಕಮಾನು ದಾಟಿದೊಡನೆ ನನ್ನ ಫೋನು ಸತ್ತಿತು. ಯಾರನ್ನು ಕೇಳಿದರೂ ಅಲ್ಲಿಯ ಸಿಮ್ ಬೇಕು ಎಂದರು.

ಸೌರಾಹಾ

ಕಾಡಿನ ಅಂಚಿನ ಊರು. ಹೊಳೆಯ ದಂಡೆಯ ಮೇಲೆ ಸಂಜೆ ಎಲ್ಲರೂ ಚಹಾ ಕುಡಿಯುತ್ತಿದ್ದೆವು. ಬೀದಿಯ ಮಂದಿ ಗಡಿಬಿಡಿಯಿಲ್ಲದೆ ಒಂದು ಬದಿಗೆ ಸರಿದರು. ಮದುವೆಯ ಮೆರವಣಿಗೆ ಬಂತೆಂದುಕೊಂಡೆ. ಬಂದದ್ದು ಘೇಂಡಾಮೃಗ. ಬೀದಿಯ ನಡುವೆ ನಡೆದು ಬಂತು, ಒಂದು ಲಾಜಿನ ಗೇಟು ಮೂಸಿತು, ಯಾರದೋ ತೋಟಕ್ಕೆ ಹೊಕ್ಕಿತು. ತೋಟದವನು ಬಾಗಿಲು ಹಾಕಿಕೊಂಡು ಒಳಗೆ ಕೂತ.

ನಮ್ಮ ಮಂದಿಗೆ ಉಸಿರು ಬಂದ ಮೇಲೆ ಮೊದಲು ಹುಟ್ಟಿದ ಪ್ರಶ್ನೆ, ಇದನ್ನು ಹೂಡಬಹುದೋ ಇಲ್ಲವೋ.

"ಒಂದಿದ್ರ ಸಾಕು, ನಾಕ ಎತ್ತಿನ ಕೆಲಸ."

"ಮೂಗುದಾರ ಹ್ಯಾಂಗ ಹಾಕ್ತಿ? ಮೂಗಿನ ಮ್ಯಾಲೇ ಕೋಡ ಅದ."

"ನೀ ಹಾಕು, ನಾ ಮರದ ಮ್ಯಾಲ ಕುಂತು ಹೇಳ್ತೀನಿ" ಎಂದ ಸಂಗಣ್ಣ.

ಹಿಂಡಿ ಮಾರುವವನಿಗೆ ಪ್ರಾಣಿಗಳಲ್ಲಿ ಎರಡೇ ಜಾತಿ: ಕೊಟ್ಟದ್ದನ್ನು ತಿನ್ನುವವು, ತಿನ್ನದವು. ಅಂದು ಲಾಜಿನ ಕೋಣೆಯಲ್ಲಿ ಒಬ್ಬನೇ ಮಲಗಿ ಯೋಚಿಸಿದಾಗ ಅಷ್ಟೇ ಅಲ್ಲ ಅನ್ನಿಸಿತು. ನಮ್ಮ ಹೊಲಗಳಲ್ಲಿ ಚಿಗರಿ ಜಿಂಕೆಗಳ ಹಿಂಡುಗಳು ಮೇಯುತ್ತವೆ. ಹಿಂದೊಮ್ಮೆ ನಮ್ಮ ಓಣಿಯ ಒಬ್ಬರು ತಾಯಿ ಸತ್ತ ಚಿಗರಿ ಮರಿಯನ್ನು ಮನೆಗೆ ತಂದಿದ್ದರು. ಹಾಲು ಕುಡಿಯಿತು. ಕೈ ನೆಕ್ಕಿತು. ಒಂದು ದಿನ ಕುಕ್ಕರು ಸೀಟಿ ಹಾಕಿದ್ದಕ್ಕೆ ಗೋಡೆಗೆ ಹಾಯ್ದುಕೊಂಡು ಸತ್ತಿತು. ಆಕಳೂ ಹೆದರುತ್ತದೆ. ಆದರೆ ಹೆದರಿದಾಗ ಅದು ಗುರುತಿನವರ ಕಡೆ ತಿರುಗುತ್ತದೆ, ಚಿಗರಿ ಯಾರ ಕಡೆಗೂ ತಿರುಗುವುದಿಲ್ಲ. ನಾವು ಸಾಕಿಕೊಂಡದ್ದು ಹೆದರಿದಾಗ ನಮ್ಮ ಕಡೆ ತಿರುಗುವ ಪ್ರಾಣಿಗಳನ್ನು ಮಾತ್ರ. ತಿರುಗಿದ್ದನ್ನು ನೋಡಿ ಹಗ್ಗ ಹಾಕಿದೆವು.

ಗಂಡ ಸತ್ತಾಗ ಅಕ್ಕ ನನ್ನ ಕಡೆ ತಿರುಗಿದ್ದಳು. ಆ ಯೋಚನೆ ಬಂದ ಮೇಲೆ ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ಯಾತ್ರೆಯ ಬಸ್ಸಿನ ಸೀಟಿನ ಮೇಲೆ ಚೀಲ ಇಟ್ಟು, ಅದು ಕಾಠ್ಮಂಡುವಿಗೆ ಹೊರಡುವುದಕ್ಕೆ ಮುಂಚೆ ಅಲ್ಲಿಯ ಸಾಕಾನೆಗಳನ್ನು ನೋಡಿ ಬರೋಣವೆಂದು ಹೋದೆ. ಹೊತ್ತಿಗೆ ಸರಿಯಾಗಿ ತಿರುಗಿ ಬಂದರೆ ಬಸ್ಸಿಲ್ಲ. ನೇಪಾಳದ ಗಡಿಯಾರ ನಮ್ಮದಕ್ಕಿಂತ ಕಾಲು ಗಂಟೆ ಮುಂದೆ. ಗೈಡು ಅದನ್ನು ಹೇಳಿದ್ದ. ನಾನು ಕೇಳಿದ್ದೆ, ಮುಳ್ಳು ತಿರುಗಿಸಿರಲಿಲ್ಲ.

ಲಾಜಿನವನು ಗೈಡಿಗೆ ಫೋನು ಹಚ್ಚಿಕೊಟ್ಟ.

"ಅಯ್ಯ, ನೀವು ಬಸ್ಸಿನ್ಯಾಗ ಇಲ್ಲೇನ್ರಿ?" ಎಂದ ಗೈಡು. "ಅಲ್ಲಿ ಸೀಟು ಖಾಲಿ ಕಂಡ್ರ ನಿಮ್ಮ ಅಕ್ಕಂದು ಅಂತ ನನ್ನ ತಲ್ಯಾಗ ಕುಂತಬಿಟ್ಟದ. ಚೀಲ ನೋಡಿ ನೀವು ಅದೀರಿ ಅಂದ್ಕೊಂಡೆ." ಮಧ್ಯಾಹ್ನದ ಊರ ಬಸ್ಸಿಗೆ ಬರಲು ಹೇಳಿದ.

ತಪ್ಪು ಅವನದಲ್ಲ. ಪಕ್ಕದ ಸೀಟಿನಲ್ಲಿ ಅಕ್ಕ ಇದ್ದಿದ್ದರೆ, "ನನ್ನ ತಮ್ಮ ಬಂದಿಲ್ಲ, ನಿಂದರಸ್ರಿ" ಎಂದು ಬಸ್ಸನ್ನೇ ಬಾಗಿಲಲ್ಲಿ ಹಿಡಿದು ನಿಲ್ಲುತ್ತಿದ್ದಳು. ಇಡೀ ಬಸ್ಸಿನಲ್ಲಿ ನಾನಿಲ್ಲವೆಂದು ತಿಳಿಯುವ ಒಬ್ಬಳನ್ನು ನಾನೇ ಮನೆಯಲ್ಲಿ ಬಿಟ್ಟು ಬಂದಿದ್ದೆ.

ಆನೆಗಳ ಹತ್ತಿರ

ಬೇರೆ ಎಲ್ಲಿಗೂ ಹೋಗಲು ತಿಳಿಯದೆ ಮತ್ತೆ ಆನೆಗಳನ್ನು ಕಟ್ಟುವ ಜಾಗಕ್ಕೇ ಹೋದೆ. ಬುದ್ಧಿರಾಮ ಎಂಬ ಮಾವುತ ನೆಲದ ಮೇಲೆ ಕೂತು ಹುಲ್ಲಿನ ಪೊಟ್ಟಣ ಕಟ್ಟುತ್ತಿದ್ದ. ಹುಲ್ಲಿನೊಳಗೆ ಒಂದು ಹಿಡಿ ಅಕ್ಕಿ, ಬೆಲ್ಲ, ಉಪ್ಪು ಇಟ್ಟು, ಹುಲ್ಲಿನಿಂದಲೇ ಬಿಗಿಯುವುದು. ತಿನಿಸಿನ ವ್ಯಾಪಾರ ನನ್ನದೂ ಆದ್ದರಿಂದ ಪಕ್ಕದಲ್ಲಿ ಕೂತು ನಾನೂ ಕಟ್ಟಿದೆ. ನನ್ನ ಹಿಂದಿಗೆ ಅವನು ನಕ್ಕ, ಅವನ ಹಿಂದಿಗೆ ನಾನು ನಕ್ಕೆ.

ಚಂಪಾ ಎಂಬ ಹೆಣ್ಣಾನೆ ಅವನು ಕಟ್ಟಿದ ಪೊಟ್ಟಣಗಳನ್ನು ಒಂದೊಂದಾಗಿ ನುಂಗಿತು. ನನ್ನದನ್ನು ಸೊಂಡಿಲಲ್ಲಿ ಹಿಡಿದು ಅಲ್ಲಾಡಿಸಿತು. ಅಕ್ಕಿ ಸುರಿಯಿತು. ಬೆಲ್ಲವನ್ನಷ್ಟೇ ಆರಿಸಿ ತಿಂದು, ಹುಲ್ಲನ್ನು ನನ್ನ ಕಾಲ ಮೇಲೆ ಎಸೆಯಿತು.

"ಗಂಟು ಸಡಿಲಾಯ್ತು, ಅಣ್ಣ. ಇವಳಿಗೆ ನಾಜೂಕು ಜಾಸ್ತಿ" ಎಂದ ಬುದ್ಧಿರಾಮ.

ಚಂಪಾಳ ಹೊಟ್ಟೆಯ ಕೆಳಗೆ ಒಂದು ಮರಿ ನಿಂತಿತ್ತು. ಅದರ ಅಪ್ಪ ಕಾಡಿನ ಸಲಗವಂತೆ. ಚಂಪಾ ಮೇಯಲು ಹೋದಲ್ಲಿ ಬಂದು ಸೇರುತ್ತದಂತೆ. ಈ ಮರಿಗೆ ಎಲ್ಲವನ್ನೂ ಮೊದಲಿನಿಂದ ಕಲಿಸಬೇಕು, ತಾಯಿ ಕಲಿತದ್ದು ಮರಿಗೆ ಬರುವುದಿಲ್ಲ ಎಂದ. ನನಗೆ ಸೋಜಿಗವಾಯಿತು. ಎಷ್ಟು ತಲೆಮಾರು ಮನುಷ್ಯನ ಹತ್ತಿರ ಇದ್ದರೂ ಆನೆ ಹುಟ್ಟುವಾಗ ಕಾಡಿನದೇ. ನಮ್ಮ ಆಕಳ ಕರು ಹುಟ್ಟುತ್ತಲೇ ನಮ್ಮದು.

"ದಿನಾ ಕಾಡಿಗೆ ಹೋಗ್ತಾಳೆ, ಸಲಗ ಸಿಗ್ತದೆ. ಯಾಕೆ ತಿರುಗಿ ಬರ್ತಾಳೆ?" ಎಂದು ಕೇಳಿದೆ.

"ನನ್ನನ್ನ ಯಾಕೆ ಕೇಳ್ತೀರಿ? ಅಲ್ಲೇ ನಿಂತಿದ್ದಾಳೆ, ಕೇಳಿ." ಇನ್ನೊಂದು ಪೊಟ್ಟಣ ಬಿಗಿಯುತ್ತಾ ಹೇಳಿದ: "ಒಮ್ಮೆ ಹೊಳೆಯ ನಡುವೆ ನಿಂತುಬಿಟ್ಟಳು. ಬೈದೆ, ಮುದ್ದು ಮಾಡಿದೆ, ಏನೂ ಆಗಲಿಲ್ಲ. ನಾನು ಮೇಲೆ ಕೂತಿದ್ದೇನೆ, ಹಸಿವು, ಬಿಸಿಲು. ತಳ್ಳುವುದಕ್ಕೆ ಆಗ್ತದಾ? ಸಂಜೆ ತಾನೇ ನಡೆದಳು. ಮನೆಯಲ್ಲಿ ಹೆಂಡತಿ, ಎಲ್ಲಿದ್ದೆ ಅಂತ ಬೈದಳು. ಆನೆ ಬಿಡಲಿಲ್ಲ ಅಂದ್ರೆ ಯಾರು ನಂಬ್ತಾರೆ!"

ನಾವಿಬ್ಬರೂ ನಕ್ಕೆವು. ಆಮೇಲೆ ಅವನು ಒಬ್ಬರೇ ಬಂದಿರಾ ಎಂದು ಕೇಳಿದ. ಅಕ್ಕ ಬರುವವಳಿದ್ದಳು, ಆಕಳು ಈಯುತ್ತದೆ ಎಂದು ನಿಂತಳು ಎಂದೆ.

"ಎಷ್ಟನೇ ತಿಂಗಳು?"

"ಏಳು" ಎಂದುಬಿಟ್ಟೆ. ಊರಲ್ಲಿ ಅಷ್ಟು ಜಾಗ್ರತೆಯಿಂದ ಒಂಬತ್ತು ಎನ್ನುತ್ತಿದ್ದವನು.

ಅವನ ಕೈ ನಿಂತಿತು. "ಏಳಕ್ಕೆ ಯಾರು ಕಾಯುತ್ತಾ ಕೂರ್ತಾರೆ? ನಿಮ್ಮಕ್ಕನಿಗೆ ಆಕಳ ವಿಷಯ ಗೊತ್ತಿಲ್ವಾ?"

ಹದಿನೈದು ಕರುಗಳನ್ನು ತನ್ನ ಕೈಯಿಂದ ಎಳೆದು ತೆಗೆದವಳು ನನ್ನ ಅಕ್ಕ. ಹುಲ್ಲು ಹೊಸೆಯುತ್ತಾ ಕೂತೆ. ನಾನು ಅವಳಿಗೆ ಮೋಸ ಮಾಡಿದ್ದೇನೆ ಎಂಬುದನ್ನು ಅಷ್ಟು ದಿನ ಹೊತ್ತುಕೊಂಡು ಬಂದಿದ್ದೆ. ಅವಳು ಮೋಸ ಹೋಗಿಲ್ಲ, ಗೊತ್ತಿದ್ದೇ ನಿಂತಿದ್ದಾಳೆ ಎಂಬುದು ಈಗ ಹೊಳೆಯಿತು. ಮೊದಲಿನದಕ್ಕಿಂತ ಇದೇ ಹೆಚ್ಚು ಭಾರವಾಯಿತು.

ಊರ ಬಸ್ಸು

ಗುಡ್ಡದ ದಾರಿ. ಬಸ್ಸಿನಲ್ಲಿ ನನ್ನ ಭಾಷೆಯವರು ಒಬ್ಬರೂ ಇರಲಿಲ್ಲ. ಪಕ್ಕದಲ್ಲಿ ಒಬ್ಬ ಮುದುಕಿ ಮಡಿಲಲ್ಲಿ ಕೋಳಿ ಇಟ್ಟುಕೊಂಡು ಕೂತಿದ್ದಳು. ತಿರುವು ಬಂದಾಗಲೆಲ್ಲ ಅದರ ಕಣ್ಣಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಕೋಳಿಗೂ ತಲೆ ತಿರುಗುತ್ತದೋ ಏನೋ. ನನಗಂತೂ ತಿರುಗಿತು. ನಾನು ವಾಂತಿ ಮಾಡಿಕೊಂಡಾಗ ಆಕೆ ಬೆನ್ನು ಸವರಿ, ಒಂದು ಲವಂಗ ಕೊಟ್ಟಳು.

ನಮ್ಮ ಓಣಿಗೆ ವರ್ಷಕ್ಕೊಮ್ಮೆ ಬಸವಣ್ಣನನ್ನು ಆಡಿಸುವವರು ಬರುತ್ತಾರೆ. ಬೆನ್ನಿಗೆ ಬಣ್ಣದ ಜೂಲು ಹೊದಿಸಿದ ಎತ್ತು. ಮಳೆ ಬರುತ್ತದೇನು ಬಸವಣ್ಣ? ತಲೆಯಾಡಿಸುತ್ತದೆ. ಮಗಳಿಗೆ ಲಗ್ನ ಕೂಡಿ ಬರುತ್ತದೇನು? ತಲೆಯಾಡಿಸುತ್ತದೆ. ಚಿಕ್ಕಂದಿನಲ್ಲಿ ನಾವು ಹುಡುಗರೆಲ್ಲ ಆಡಿಸುವವನು ಹಗ್ಗ ಎಲ್ಲಿ ಜಗ್ಗುತ್ತಾನೆಂದು ನೋಡುತ್ತಿದ್ದೆವು. ಅಕ್ಕ ಮಾತ್ರ ಅದರ ಕಣ್ಣು ನೋಡುತ್ತಿದ್ದಳು. "ಒಲ್ಲೆ ಅನ್ನೂದು ಕಲಿಸೇ ಇಲ್ಲಲ್ಲ ಪಾಪ, ಅದು ಹೂಂ ಅನ್ನೂದಕ್ಕ ಏನ ಬೆಲಿ" ಎಂದಿದ್ದಳು. ಆಗ ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಗುಡ್ಡದ ತಿರುವುಗಳಲ್ಲಿ ಅದು ನನ್ನನ್ನು ಬಿಡಲಿಲ್ಲ.

ಕಾಠ್ಮಂಡು

ರಾತ್ರಿ ಗುಂಪನ್ನು ಸೇರಿಕೊಂಡೆ, ಮರುದಿನ ಎಲ್ಲರೂ ಗುಡಿಗೆ ಹೋದೆವು. ಪಶುಪತಿಯ ಮುಂದಿನ ನಂದಿ ನಮ್ಮ ಕಡೆಯ ಬಸವಣ್ಣನ ಹಾಗೆ ಕೈಗೆ ಎಟುಕುವುದಲ್ಲ. ಬಂಗಾರದ ಬಣ್ಣದ್ದು, ಗುಡ್ಡದಂಥದ್ದು. ಹೆಬ್ಬಾಗಿಲಲ್ಲಿ ನಿಂತರೆ ಮೊದಲು ಕಾಣುವುದು ಅದರ ಹಿಂಭಾಗ. "ಇಷ್ಟು ಮಂದಿ ಹಿಂದಿನಿಂದ ಬಂದ್ರೂ ಒಂದ ಸಲಾನೂ ಒದ್ದಿಲ್ಲ, ಭೇಷ್ ಎತ್ತು!" ಎಂದ ಸಂಗಣ್ಣ. ಅವನ ಹೆಂಡತಿ ಅವನ ತೋಳಿಗೆ ಹೊಡೆದಳು. ಅಷ್ಟರಲ್ಲಿ ಒಂದು ಮಂಗ ನನ್ನ ಕೈಯ ಹೂವಿನ ಬುಟ್ಟಿಯಿಂದ ಪೇಡೆ ಎತ್ತಿಕೊಂಡು ಹೋಯಿತು. ದೇವರಿಗೆ ಬರೀ ಹೂವು ಉಳಿಯಿತು.

ಪಶುಪತಿ ಎಂದರೆ ಪಶುಗಳ ಒಡೆಯ, ಅಲ್ಲಿ ಪಶು ಎಂದರೆ ನಾವೆಲ್ಲರೂ, ಪಾಶದಲ್ಲಿ ಸಿಕ್ಕವರು ಎಂದು ಸಣ್ಣವನಿದ್ದಾಗ ಮಠದಲ್ಲಿ ಕೇಳಿದ್ದೆ. ಸಾಲಿನಲ್ಲಿ ನಿಂತಾಗ ಅದೇ ನೆನಪಿತ್ತು. ಸಂಕಲ್ಪ ಹೇಳಿಸುವವರು ಯಾರ ಹೆಸರಿನಲ್ಲಿ ಎಂದು ಕೇಳಿದರು. ನೀಲಮ್ಮ ಎಂದೆ. ಅಷ್ಟು ಹೇಳಿದರೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

ಹೊರಗೆ ಬಂದು ಒಂದು ಅಂಗಡಿಯಿಂದ ಫೋನು ಮಾಡಿದೆ. ಹಿಂದಿನ ಎರಡು ದಿನ ಲಾಜುಗಳಿಂದ ಮಾಡಿದಾಗ ಅಕ್ಕ ಎತ್ತಿರಲಿಲ್ಲ. ಈಗ ಎತ್ತಿದಳು. ಹಿಂದೆ ರೊಟ್ಟಿ ಬಡಿಯುವ ಸದ್ದು, ಹೆಂಗಸರ ನಗು.

"ಅಕ್ಕಾ, ನಾ. ದರ್ಶನ ಆತು. ನಿನ್ನ ಹೆಸರಲೆ ಪೂಜಿ ಮಾಡಿಸೀನಿ."

"ನನ್ನ ಹೆಸರಲೆ ಯಾಕೋ? ನಾ ಅಲ್ಲಿ ಇರಲಿಲ್ಲಲ್ಲ."

ಅಂಗಡಿಯವನು ನನ್ನನ್ನೇ ನೋಡುತ್ತಿದ್ದ. ಗೋಡೆಯ ಕಡೆ ತಿರುಗಿದೆ.

"ಅಕ್ಕಾ, ಗೌರಿಗಿ ಒಂಬತ್ತಲ್ಲ. ಏಳು."

"ಗೊತ್ತದ."

"ಯಾವಾಗಿಂದ?"

"ನೀ ಹೇಳಿದ ಗಳಿಗಿಂದ. ಕೆಚ್ಚಲ ನೋಡಿದ್ರ ತಿಳಿಯಂಗಿಲ್ಲೇನು? ನೀ ಹಿಂಡಿ ಮಾರಾಂವ, ಕೈ ಹಚ್ಚಾಕಿ ನಾ."

"ಮತ್ತ ಯಾಕ ಸುಮ್ಮನಾದಿ?"

"ನೀ ಎಲ್ಲಿತನಕ ಹೋಗ್ತಿ ನೋಡಮಂತ ಸುಮ್ಮನಾದೆ. ನೇಪಾಳತನಕ ಹೋದಿ."

"ಇಡ್ತೀನಪಾ, ಹಂಚು ಕಾಯಾಕತ್ತದ" ಎಂದು ಇಟ್ಟಳು.

ನಮ್ಮ ಮನೆಯಲ್ಲಿ ನಗುವ ಹೆಂಗಸರು ಯಾರಿದ್ದಾರೆ ಎಂದು ಆಮೇಲೆ ಯೋಚಿಸಿದೆ.

ಭೀಮರಾಯನಗುಡಿ

ಮನೆಗೆ ಬಂದಾಗ ಬಾಗಿಲಿಗೆ ಬೀಗ. ಕೀಲಿ ಪಕ್ಕದ ಮನೆಯಲ್ಲಿತ್ತು. ಗೌರಿಯ ಗೋದಲಿಯಲ್ಲಿ ಮೇವು, ಬಕೆಟ್ಟಿನಲ್ಲಿ ನೀರು. "ಅಕ್ಕ ಕ್ಯಾಂಪಿನ್ಯಾಗ ಕೆಲಸಕ್ಕ ಹತ್ಯಾಳ" ಎಂದರು ಪಕ್ಕದವರು. "ನೀ ಬರೂತನಕ ಮುಂಜಾನಿ ಸಂಜಿ ಬಂದು ಆಕಳ ನೋಡಿ ಹೋಗ್ಯಾಳ. ಇವತ್ತಿಂದ ನೀನ ನೋಡ್ಕೋಬೇಕಂತ."

ಭೀಮರಾಯನಗುಡಿಯ ನೀರಾವರಿ ಕ್ಯಾಂಪು ನಮ್ಮೂರಿಂದ ಬಸ್ಸಿನಲ್ಲಿ ಸ್ವಲ್ಪ ದೂರ. ಎಷ್ಟೋ ಸಲ ಹಿಂಡಿ ಚೀಲ ಹಾಕಲು ಹೋದ ಜಾಗ. ಪ್ರಸಾದ, ರುದ್ರಾಕ್ಷಿ ಹಿಡಿದು ಕೇಳುತ್ತಾ ಹೋದೆ. ಹಳೆಯ ಕ್ವಾರ್ಟರ್ಸಿನ ಒಂದು ಕೋಣೆ. ಅಕ್ಕ ಹುಡುಗಿಯರ ಹಾಸ್ಟೆಲಿಗೆ ರೊಟ್ಟಿ ಮಾಡುವ ಇಬ್ಬರು ಹೆಂಗಸರ ಜೊತೆ ಸೇರಿಕೊಂಡಿದ್ದಳು. ಆ ಕೆಲಸಕ್ಕೆ ಬಾ ಎಂದು ಅವರು ಬಹಳ ದಿನದಿಂದ ಕರೆಯುತ್ತಿದ್ದರಂತೆ. ನನಗೆ ಹೇಳಿರಲಿಲ್ಲ. ನಾನು ಕೇಳಿರಲಿಲ್ಲ.

"ಕುಂದ್ರು. ಚಾ ಕುಡೀತಿ?" ಎಂದಳು, ಬಂದವರಿಗೆ ಕೇಳುವ ಹಾಗೆ.

ಪ್ರಸಾದವನ್ನು ಕಣ್ಣಿಗೆ ಒತ್ತಿಕೊಂಡಳು. ನನಗೆ ಧೈರ್ಯ ಬಂತು. "ಅಲ್ಲಿ ನಂದಿ ಅದಲ್ಲಕ್ಕಾ" ಎಂದು ಶುರು ಮಾಡಿದೆ. ಅವಳು ಹಿಟ್ಟಿನ ಕೈ ಎತ್ತಿ ತಡೆದಳು.

"ಹೇಳಬ್ಯಾಡ. ಬ್ಯಾಸಗ್ಯಾಗ ಹಾಸ್ಟೆಲ್ ಸೂಟಿ ಇದ್ದಾಗ ಇವರ ಜೋಡಿ ನಾನೂ ಹೋಗಾಕಿ. ನೀ ಎಲ್ಲಾ ಹೇಳಿಬಿಟ್ರ ನಾ ಏನ ನೋಡ್ಲಿ?"

ಯಾರಿಗೆ ಹೇಳಬೇಕೆಂದು ಅಷ್ಟೆಲ್ಲ ಕಣ್ಣಲ್ಲಿ ತುಂಬಿಕೊಂಡು ಬಂದಿದ್ದೆನೋ ಅವಳು ಕೇಳಲಿಲ್ಲ. ಅದಕ್ಕೇ ಇಲ್ಲಿ ನಿಮ್ಮ ಮುಂದೆ ಬರೆದದ್ದು.

ಚಹಾ ಮುಗಿಯಿತು. "ಆಕಳಿನ ವಿಷಯಕ್ಕ ಸಿಟ್ಟಾಗಿ ಬಂದಿಯೇನು?" ಎಂದೆ.

"ಸಿಟ್ಟಲ್ಲೋ ತಮ್ಮಾ. ನೀ ನೆಟ್ಟಗ, ಅಕ್ಕಾ ನಾ ಹೋಗ್ತೀನಿ ನೀ ಇರು ಅಂದಿದ್ರೂ ನಾ ಇರ್ತಿದ್ದೆ. ಗೌರಿ ಹೊಟ್ಟಿಲೆ ನನ್ನ ಕಟ್ಟಾಕ ನೋಡಿದಿ. ಆವಾಗ ಅನ್ನಿಸ್ತು, ಇಂವಗ ನಾನೂ ಗ್ವಾದಲಿ ಮುಂದಿನಾಕೀನೇ ಅಂತ."

ಸುಳ್ಳು ಹೇಳಿದ್ದು ತಪ್ಪಾಯಿತು ಎಂದೆ. ಹೂಂ ಎಂದಳು. ಆಮೇಲೆ ಕೇಳಿದೆ. ಬಾ ಎನ್ನಲಿಲ್ಲ. "ಮನಿಗಿ ಬರ್ತಿಯೇನಕ್ಕಾ?" ಎಂದೆ.

ಅವಳು ಹಿಟ್ಟು ನಾದುವುದು ನಿಲ್ಲಿಸಿ ನಿಜವಾಗಿಯೂ ಯೋಚಿಸಿದಳು. "ಇಲ್ಲ. ನಾ ಒಲ್ಲೆ" ಎಂದಳು. ದನಿಯಲ್ಲಿ ಕಹಿ ಇರಲಿಲ್ಲ. "ಗೌರಿ ಈಯೂ ಮುಂದ ಹೇಳು, ಬರ್ತೀನಿ. ಅದು ಆಕಿ ಸಲುವಾಗಿ. ಅಷ್ಟರಾಗ ಆಕಿ ನಿನಗ ಹೊಂದಬೇಕು, ಇಲ್ಲಾ ನೀ ಆಕಿಗಿ ಹೊಂದಬೇಕು."

"ಹ್ಯಾಂಗ?"

"ದಿನಾ ಹೋಗಿ ಬಾಜೂಕ ನಿಂದ್ರು. ಮೈ ಮುಟ್ಟಬ್ಯಾಡ. ಮೇವು ಹಾಕಿ ಅಲ್ಲೇ ನಿಂತು ಉಪಕಾರ ಮಾಡಿದಂಗ ನೋಡಬ್ಯಾಡ. ಉಳಿದದ್ದು ಆಕಿಗಿ ಬಿಡು."

ಹಾಗೆಯೇ ಮಾಡುತ್ತಿದ್ದೇನೆ. ಅಂಗಡಿ ಮುಚ್ಚಿ ಬಂದು ಗೌರಿಯಿಂದ ಎರಡು ಮಾರು ದೂರ ನಿಲ್ಲುತ್ತೇನೆ. ಕಿವಿಯೊಂದನ್ನು ನನ್ನ ಕಡೆ ಇಟ್ಟು, ಮುಖವನ್ನು ಗೋಡೆಯ ಕಡೆ ಇಡುತ್ತಾಳೆ. ಮನೆಯಲ್ಲಿ ಬೇರೆ ಸದ್ದಿಲ್ಲ. ಮೊದಮೊದಲು ಬೂಸಾ ಮೂಸಿಯೂ ನೋಡುತ್ತಿರಲಿಲ್ಲ, ಹಸಿ ಮೇವಿಗಷ್ಟೇ ಬಾಯಿ ಹಾಕುತ್ತಿದ್ದಳು. ಇವತ್ತು ನಾನು ನೆನೆಸಿಟ್ಟ ಹಿಂಡಿ ತಿಂದಳು, ನಾನು ಹೊರಗೆ ಹೋದ ಮೇಲೆ.